ವಾಪಸ್ ಬಾರದ ಪುಸ್ತಕಗಳು

"ನಿನ್ನೆ ಮಾಲೀಕರು 'ಖಾತ್ರಿ ತಾನೇ?' ಎಂದು ಕೇಳಿದರು. ನಾನು ತಲೆಯಾಡಿಸಿದೆ. ಖಾತ್ರಿ ಇದೆಯೋ ಇಲ್ಲವೋ ಎಂದು ಯೋಚಿಸುವ ಮೊದಲೇ ತಲೆ ಆಡಿಬಿಟ್ಟಿತ್ತು. ಯಾರಿಗೂ ಹೇಳುವ ಹಾಗಿಲ್ಲ, ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ."

ಇಷ್ಟು ಬರೆದು ಅವಳು ಪೆನ್ನಿಗೆ ಮುಚ್ಚಳ ಹಾಕಿದಳು. ಡೈರಿ ಬರೆಯುವವರು ಸಾಮಾನ್ಯವಾಗಿ ಮಲಗುವ ಮುಂಚೆ ಬರೆಯುತ್ತಾರೆ. ಅವಳದು ಬೆಳಗಿನ ಅಭ್ಯಾಸ. ಅಂದಂದೇ ಬರೆದರೆ ನಾಚಿಕೆ ಇನ್ನೂ ಹಸಿಯಾಗಿರುತ್ತದೆ, ಮರುದಿನಕ್ಕೆ ಸ್ವಲ್ಪ ಆರಿರುತ್ತದೆ, ಆಗ ಮುಟ್ಟಬಹುದು ಎಂಬುದು ಅವಳ ಲೆಕ್ಕಾಚಾರ. ಅಡುಗೆಮನೆಯ ಮೇಜಿನ ಈ ತುದಿಯಲ್ಲಿ ಡೈರಿ, ಆ ತುದಿಯಲ್ಲಿ ಅಮ್ಮನ ಊಟದ ಡಬ್ಬಿ. ಅಮ್ಮ ಆಸ್ಪತ್ರೆಯಲ್ಲಿ ನರ್ಸು. ಮಗಳು ಬರೆಯುವಾಗ ಹತ್ತಿರ ಸುಳಿಯುತ್ತಿರಲಿಲ್ಲ, ಆದರೆ ಬಾಯಿಗೆ ಬೀಗವನ್ನೂ ಹಾಕಿಕೊಳ್ಳುತ್ತಿರಲಿಲ್ಲ.

"ಆ ಪುಸ್ತಕಕ್ಕೆ ಹೇಳಿದ್ರಲ್ಲಿ ಕಾಲು ಭಾಗ ಮನುಷ್ಯರಿಗೆ ಹೇಳಿದ್ರೆ ಇಷ್ಟು ಹೊತ್ತಿಗೆ ಮಂತ್ರಿ ಆಗಿರ್ತಿದ್ದೆ ನೋಡು," ಅಂದಳು ಅಮ್ಮ, ಡಬ್ಬಿಯ ಮುಚ್ಚಳ ಒತ್ತುತ್ತ.

ಮಗಳು ನಕ್ಕು, ಡೈರಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೊರಟಳು.

ಅವಳು ಕೆಲಸ ಮಾಡುವುದು ಪುಸ್ತಕ ಕಟ್ಟುವ ಕಾರ್ಖಾನೆಯಲ್ಲಿ. ಕಾರ್ಖಾನೆ ಎಂದರೆ ದೊಡ್ಡ ಮಾತಾಯಿತು. ಉದ್ದನೆಯ ಒಂದು ಹಾಲ್, ಹಿಂದೆ ಗೋಂದು ಕಾಯಿಸುವ ಕೋಣೆ, ಪಕ್ಕದಲ್ಲಿ ಗಾಜಿನ ಗೋಡೆಯ ಆಫೀಸು, ಅಷ್ಟೇ. ಅಚ್ಚಾದ ದೊಡ್ಡ ಹಾಳೆಗಳು ಲಾರಿಯಲ್ಲಿ ಬರುತ್ತವೆ. ಹದಿನಾರು ಪುಟ ಆಗುವ ಹಾಗೆ ಅವನ್ನು ಮಡಚುತ್ತಾರೆ; ಅಂಥ ಒಂದು ಮಡಿಕೆಗೆ ಇಲ್ಲಿ ಫಾರಂ ಅನ್ನುತ್ತಾರೆ. ಫಾರಂಗಳನ್ನು ಕ್ರಮವಾಗಿ ಜೋಡಿಸಿ, ಬೆನ್ನಿಗೆ ಸೂಜಿ ದಾರ ಹಾಯಿಸಿ ಹೊಲಿದು, ಗೋಂದು ಬಳಿದು, ಒತ್ತಿಟ್ಟು, ಒಣಗಿಸಿ, ರಟ್ಟು ಹಾಕಿದರೆ ಪುಸ್ತಕ. ಜೋಡಿಸುವವರೂ ಹೊಲಿಯುವವರೂ ಅದೇ ನಾಲ್ವರು ಹೆಂಗಸರು. ಕಿಟಕಿ ಪಕ್ಕದ ಒಂದೇ ಮೇಜಿಗೆ ಕೂರುತ್ತಾರೆ. ಹೊಲಿಗೆ ಮುಗಿಸಿ ಕಟ್ಟಕಡೆಯ ಗಂಟನ್ನು ಒಬ್ಬೊಬ್ಬರೂ ತಮ್ಮದೇ ಬಣ್ಣದ ದಾರದಲ್ಲಿ ಹಾಕುವುದು ಅಲ್ಲಿನ ರೂಢಿ: ಕೆಂಪು, ನೀಲಿ, ಹಸಿರು, ಹಳದಿ. ರಟ್ಟು ಕೂತ ಮೇಲೆ ಆ ಗಂಟು ಬೆನ್ನಿನ ಟೊಳ್ಳಿನಲ್ಲಿ ಮರೆಯಾಗುತ್ತದೆ. ಪುಸ್ತಕವನ್ನು ಅಗಲವಾಗಿ ಬಿಚ್ಚಿ ಸಂದಿಯಲ್ಲಿ ಇಣುಕಿದವರಿಗೆ ಮಾತ್ರ ಕಾಣುತ್ತದೆ, ಇಣುಕುವವರು ಯಾರೂ ಇಲ್ಲ.

ಕೆಂಪು ಗಂಟು ದೊಡ್ಡಕ್ಕನದು. ಯಾರಿಗೆ ಅಕ್ಕ ಎಂದು ಕೇಳುವಂತಿಲ್ಲ, ಎಲ್ಲರಿಗೂ ಅಕ್ಕನೇ. ಮೂವತ್ತೊಂದು ವರ್ಷ ಅದೇ ಕುರ್ಚಿ. ಈಗಿನ ಮಾಲೀಕರು ಅಪ್ಪನ ಜತೆ ಇಲ್ಲಿಗೆ ಬಂದು ಮೇಜಿನ ಕೆಳಗೆ ಆಡುತ್ತಿದ್ದಾಗ, ಸೂಜಿಗೆ ದಾರ ಪೋಣಿಸುವುದನ್ನು ಕಲಿಸಿದವಳೂ ಅವಳೇ. ಆದ್ದರಿಂದ ಮಾಲೀಕರು ಅವಳಿಗೆ "ನೀವು" ಅನ್ನುತ್ತಿದ್ದರು, ಅವಳು ಅವರಿಗೆ "ನೀನು" ಅನ್ನುತ್ತಿದ್ದಳು, ಇದು ಇಬ್ಬರಿಗೂ ಸರಿಹೋಗಿತ್ತು.

ನಮ್ಮ ಹುಡುಗಿ ಅಲ್ಲಿಗೆ ಬಂದು ಆರು ತಿಂಗಳು. ಸಂಖ್ಯಾಶಾಸ್ತ್ರದಲ್ಲಿ ಪದವಿ ಪಡೆದವಳಿಗೆ ಸಿಕ್ಕಿದ್ದು ವಾಪಸ್ ರಿಜಿಸ್ಟರ್ ನೋಡಿಕೊಳ್ಳುವ ಕೆಲಸ. ಕಟ್ಟು ಸರಿಯಿಲ್ಲವೆಂದು ಗಿರಾಕಿಗಳು ಹಿಂದಿರುಗಿಸಿದ ಪ್ರತಿ ಪುಸ್ತಕವನ್ನೂ ಅದರಲ್ಲಿ ಬರೆಯಬೇಕು: ಯಾವ ಕಾಗದ, ಯಾವ ದಾರ, ಎಷ್ಟು ದಿನ ಒಣಗಿಸಿದ್ದು, ಯಾವ ಬಣ್ಣದ ಗಂಟು, ಏನು ದೂರು. ದೂರುಗಳು ಮುಖ್ಯವಾಗಿ ಎರಡೇ. ಒಂದೋ ಫಾರಂ ಹಿಂದುಮುಂದಾಗಿ ಪುಟಗಳು ತಪ್ಪಿರುತ್ತವೆ, ಇಲ್ಲವೋ ಬೆನ್ನು ಬಿಟ್ಟುಕೊಂಡಿರುತ್ತದೆ. ಪುಟದ ತಪ್ಪನ್ನು ಒಂದು ದಿನದಲ್ಲಿ ಸರಿ ಮಾಡಿ ಕಳಿಸಬಹುದು. ಬೆನ್ನು ಬಿಟ್ಟ ಪುಸ್ತಕ ಸತ್ತ ಹಾಗೆಯೇ.

ಎರಡು ವರ್ಷದ ರಿಜಿಸ್ಟರನ್ನು ಅವಳ ಮುಂದಿಟ್ಟು ಮಾಲೀಕರು ಹೇಳಿದ್ದರು: "ನೀನು ಅಂಕಿಸಂಖ್ಯೆ ಓದಿದವಳು. ಬೆನ್ನು ಯಾಕೆ ಬಿಡತ್ತೆ ಅಂತ ಇದರಿಂದ ತೆಗೆದು ಕೊಡಮ್ಮ. ಅಂಕಿ ಸುಳ್ಳು ಹೇಳಲ್ಲ, ಮನುಷ್ಯರ ಹಾಗಲ್ಲ ಅದು."

ಅವಳಿಗೆ ಎಲ್ಲಿಲ್ಲದ ಖುಷಿ. ಮಾತಾಡದೆ ಮಾಡಬಹುದಾದ ಕೆಲಸ! ಒಂದು ದೊಡ್ಡ ಹಾಳೆ ಹರಡಿ ಚಿತ್ರ ಬರೆಯತೊಡಗಿದಳು. ರಿಜಿಸ್ಟರಿನ ಒಂದೊಂದು ಕಾಲಮ್ಮಿಗೂ ಒಂದು ಚುಕ್ಕಿ. ಯಾವ ಎರಡು ಸಂಗತಿಗಳು ಜೋಡಿಯಾಗಿ ಏರಿಳಿಯುತ್ತವೋ ಅವುಗಳ ನಡುವೆ ಒಂದು ಗೆರೆ. ನಂಟು ಗಟ್ಟಿಯಾದಷ್ಟೂ ಗೆರೆ ದಪ್ಪ. ಗೆರೆ ಎಳೆಯುವುದು ಸುಲಭ, ಅಳಿಸುವುದರಲ್ಲಿದೆ ಕಸುಬು. ಇದನ್ನು ಗೋಂದಣ್ಣನಿಗೆ ಅವಳು ಬಿಡಿಸಿ ಹೇಳಿದ್ದಳು. ಗೋಂದು ಕಾಯಿಸುವ ಅವನೊಬ್ಬನ ಹತ್ತಿರ ಅವಳಿಗೆ ನಾಲ್ಕು ಮಾತು ಬರುತ್ತಿತ್ತು. ಅವನು ಕೇಳುವಾಗ ಮುಖ ನೋಡದೆ ಪಾತ್ರೆ ನೋಡುತ್ತಿದ್ದನಲ್ಲ, ಅದಕ್ಕೆ.

"ಚಹಾ ಜಾಸ್ತಿ ಖರ್ಚಾದ ದಿನ ಸೂಜಿನೂ ಜಾಸ್ತಿ ಮುರಿಯತ್ತೆ, ನೋಡಿದೀರಾ?"

"ಹಂಗಾದ್ರೆ ಚಹಾ ಬಿಡ್ಬೇಕಾ? ನಾನು ಕೆಲಸಾನೇ ಬಿಡ್ತೀನಿ."

"ಅಲ್ಲ. ದಪ್ಪ ಕಾಗದ ಬಂದ ದಿನ ಸೂಜಿ ಮುರಿಯತ್ತೆ. ದಪ್ಪ ಕಾಗದ ಬಂದ್ರೆ ಕೆಲಸ ನಿಧಾನ, ಇನ್ನೊಂದು ಸುತ್ತು ಚಹಾ ಬರತ್ತೆ. ದಪ್ಪ ಕಾಗದದ ದಿನಗಳನ್ನೇ ಬೇರೆ ಇಟ್ಟು, ತೆಳು ಕಾಗದದ ದಿನಗಳನ್ನೇ ಬೇರೆ ಇಟ್ಟು ನೋಡಿದ್ರೆ, ಚಹಾಕ್ಕೂ ಸೂಜಿಗೂ ಏನೇನೂ ಸಂಬಂಧ ಇರಲ್ಲ. ಆಗ ಆ ಗೆರೆ ಅಳಿಸಬೇಕು."

"ಸದ್ಯ, ಚಹಾ ನಿರಪರಾಧಿ," ಎಂದು ಗೋಂದಣ್ಣ ಪಾತ್ರೆ ತಿರುವಿದ.

ಹೀಗೆ ಅಳಿಸುತ್ತ ಅಳಿಸುತ್ತ ಹೋದಳು. ಕಾಗದ, ದಾರ, ಗೋಂದಿನ ಪಾತ್ರೆ, ಒಣಗಿದ ದಿನ, ಎಲ್ಲವನ್ನೂ ಒಂದೊಂದಾಗಿ ಹಿಡಿದಿಟ್ಟು ನೋಡಿದಳು. ಏನು ಮಾಡಿದರೂ ಅಳಿಯದೆ ಉಳಿದದ್ದು ಒಂದು ಗೆರೆ. ಅದು ಕೆಂಪು ಗಂಟಿನ ಚುಕ್ಕಿಯಿಂದ ಹೊರಟು ಬೆನ್ನು ಬಿಡುವ ಚುಕ್ಕಿಗೆ ಹೋಗಿ ಸೇರುತ್ತಿತ್ತು. ರಿಜಿಸ್ಟರಿನಲ್ಲಿದ್ದ ಪುಸ್ತಕ ನಾನೂರ ಹನ್ನೆರಡು. ಕೆಂಪು ಗಂಟಿನವು ನಲವತ್ತಾರು, ಅವುಗಳಲ್ಲಿ ನಲವತ್ತೊಂದು ಬೆನ್ನು ಬಿಟ್ಟವು. ಉಳಿದ ಮೂರು ಬಣ್ಣದವುಗಳಲ್ಲಿ ಬೆನ್ನು ಬಿಟ್ಟದ್ದು ಮೂರರಲ್ಲಿ ಒಂದು ಮಾತ್ರ.

ಬುಧವಾರ ಚಿತ್ರ ನೋಡಿ ಮಾಲೀಕರು ಒಂದೊಂದು ಗೆರೆಯನ್ನೂ ಬೆರಳಲ್ಲಿ ಹಿಂಬಾಲಿಸಿದರು. ಆಮೇಲೆ ಕನ್ನಡಕ ತೆಗೆದು, "ಖಾತ್ರಿ ತಾನೇ?" ಅಂದರು. ಅವಳು ತಲೆಯಾಡಿಸಿದಳು. "ಇಷ್ಟು ಚೆನ್ನಾಗಿ ಈ ಜಾಗದಲ್ಲಿ ಯಾರೂ ಕೆಲಸ ಮಾಡಿ ಕೊಟ್ಟಿರಲಿಲ್ಲ," ಅಂದರು. ಆ ಮಾತಿಗೆ ಅವಳ ಕಿವಿಯೆಲ್ಲ ಬಿಸಿಯಾಯಿತು. ಮರುದಿನ ಬೆಳಿಗ್ಗೆ ಡೈರಿಯಲ್ಲಿ ಬರೆದದ್ದು ಇದನ್ನೇ.

ಗುರುವಾರ ಅವಳು ಕಾರ್ಖಾನೆಗೆ ಬಂದಾಗ ಚಿತ್ರ ಆಗಲೇ ಹಾಲಿನ ಗೋಡೆಗೇರಿತ್ತು. ಕೆಳಗೆ ನಾಲ್ಕು ಜನ ನೆರೆದಿದ್ದರು.

"ಇದೇನಿದು, ಬಸ್ಸಿನ ದಾರಿಯಾ?"

"ಬಸ್ಸಿನ ದಾರಿಯಾಗಿದ್ರೆ ಒಂದಾದ್ರೂ ನಮ್ಮನೆ ಕಡೆ ಹೋಗ್ತಿತ್ತು."

"ಬಂದ್ಳು ನೋಡಿ ಚುಕ್ಕಿ! ಏ ಚುಕ್ಕಿ, ಇದ್ರಲ್ಲಿ ನಾನೆಲ್ಲಮ್ಮಾ ಇದ್ದೀನಿ?" ಅಂದಳು ನೀಲಿ ಗಂಟಿನವಳು. ಅವತ್ತಿನಿಂದ ಅವಳ ಹೆಸರು ಚುಕ್ಕಿ ಎಂದೇ ಆಯಿತು. ಚುಕ್ಕಿ ನಗಲೂ ಆಗದೆ ಅಳಲೂ ಆಗದೆ ಆಫೀಸಿಗೆ ನುಗ್ಗಿದಳು.

ಗಾಜಿನ ಗೋಡೆ ನೋಡಲು ಬಿಡುತ್ತದೆ, ಕೇಳಲೂ ಅಷ್ಟಿಷ್ಟು ಬಿಡುತ್ತದೆ. ಮಾಲೀಕರು ದೊಡ್ಡಕ್ಕನ ಕುರ್ಚಿಯ ಪಕ್ಕದಲ್ಲಿ ಒಂದು ಸ್ಟೂಲು ಎಳೆದುಕೊಂಡು ಕೂತರು.

"ನಾನು ಹೇಳ್ತಿಲ್ಲ ದೊಡ್ಡಕ್ಕ, ಚಿತ್ರ ಹೇಳ್ತಿದೆ. ಮುಂದಿನ ಬುಧವಾರ ಶಾಲೆಗಳ ದೊಡ್ಡ ಕೆಲಸ ಶುರುವಾಗತ್ತೆ, ಎರಡು ಸಾವಿರ ಪುಸ್ತಕ. ಅವತ್ತಿಂದ ನೀವು ಪ್ಯಾಕಿಂಗ್ ಮೇಜಿಗೆ ಬನ್ನಿ. ಕೂತ್ಕೊಂಡೇ ಮಾಡೋ ಕೆಲಸ. ಕಣ್ಣಿಗೂ ಆರಾಮ."

"ಪ್ಯಾಕಿಂಗಿಗೆ ಸೂಜಿ ಬೇಕಾಗತ್ತಾ?" ಅಂದಳು ದೊಡ್ಡಕ್ಕ.

"ಇಲ್ಲ."

"ಹೂಂ," ಎಂದು ಅವಳು ಕೈಯಲ್ಲಿದ್ದ ಪುಸ್ತಕದ ಹೊಲಿಗೆ ಮುಂದುವರಿಸಿದಳು. ಜಗಳ ಮಾಡಿದ್ದರೆ ಚುಕ್ಕಿಗೆ ಎಷ್ಟೋ ಹಗುರಾಗುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಊಟದ ಹೊತ್ತಿಗೆ ದೊಡ್ಡಕ್ಕ ಆಫೀಸಿನ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಹೊಲಿಗೆಯಾಗಿ ಇನ್ನೂ ಗೋಂದು ಕಾಣದ ಪುಸ್ತಕ.

"ಚುಕ್ಕಿ, ಊಟ ಆಯ್ತೇನಮ್ಮಾ? ಆಗಿದ್ರೆ ಒಂದು ನಿಮಿಷ. ಇದ್ರಲ್ಲಿ ಎಲ್ಲಿ ಸಡಿಲ ಆಗಿದೆ ಅಂತ ತೋರಿಸು."

ಚುಕ್ಕಿ ಪುಸ್ತಕ ತೆಗೆದುಕೊಂಡಳು. ಮೇಣ ತೀಡಿದ ದಾರ ಫಾರಮ್ಮಿನಿಂದ ಫಾರಮ್ಮಿಗೆ ಒಂದೇ ಹದದಲ್ಲಿ ಇಳಿದುಹೋಗಿತ್ತು. ಬೆರಳಿಟ್ಟು ಎಳೆದು ನೋಡಿದಳು. ಜಗ್ಗಲಿಲ್ಲ.

"ಗಟ್ಟಿಯಾಗೇ ಇದೆ," ಅಂದಳು, ಇಬ್ಬರಿಗಷ್ಟೇ ಕೇಳಿಸುವ ದನಿಯಲ್ಲಿ.

"ನನಗೂ ಹಂಗೇ ಅನ್ಸತ್ತೆ. ಅದೇ ಭಯ. ತಪ್ಪಾಗಿರೋದು ನನ್ನ ಕೈಗೆ ಗೊತ್ತಾಗ್ತಿಲ್ಲ ಅಂದ್ರೆ ಕೈಯೇ ಹೋಯ್ತು ಅಂತ ತಾನೇ? ನಿನ್ನೆಯಿಂದ ಒಂದೊಂದು ಹೊಲಿಗೆನೂ ಎರಡು ಸಲ ಎಳೆದು ನೋಡ್ತಿದೀನಿ. ಇಷ್ಟು ವರ್ಷ ಕೈ ಅದರ ಪಾಡಿಗೆ ಅದು ಹೋಗ್ತಿತ್ತು, ನಾನು ನನ್ನ ಪಾಡಿಗೆ ಕಿಟಕಿ ನೋಡ್ತಿದ್ದೆ. ಈಗ ಎರಡೂ ಒಂದನ್ನೊಂದು ಕಾಯ್ತಾ ಕೂತಿವೆ." ಅವಳು ಪುಸ್ತಕ ವಾಪಸು ತೆಗೆದುಕೊಂಡಳು. "ಹೋಗ್ಲಿ ಬಿಡು. ನಿನ್ನ ಲೆಕ್ಕ ಸರಿಯಾಗೇ ಇರತ್ತೆ. ನನ್ನ ಪುಸ್ತಕ ಅಂತ ವಾಪಸ್ ಬಂದ್ರೆ ಬೆನ್ನಿಗೇ ಬರ್ಬೇಕು, ಇನ್ಯಾತಕ್ಕೆ ಬರತ್ತೆ? ಫಾರಂ ನಾನು ಮೂರು ಸಲ ಎಣಿಸ್ತೀನಿ, ಅದು ತಪ್ಪೋ ಮಾತೇ ಇಲ್ಲ."

ಅಷ್ಟು ಹೇಳಿ ಹೊರಟುಹೋದಳು. ಚುಕ್ಕಿ ಅವಳು ನಿಂತಿದ್ದ ಜಾಗವನ್ನೇ ನೋಡುತ್ತ ಕೂತಳು. ಇನ್ಯಾತಕ್ಕೆ ಬರತ್ತೆ? ಅವಳ ಊಟದ ಡಬ್ಬಿಯ ಮುಚ್ಚಳ ತೆಗೆದದ್ದು ತೆಗೆದ ಹಾಗೇ ಉಳಿಯಿತು.

ಶನಿವಾರ ಬೆಳಿಗ್ಗೆ ಡೈರಿಯಲ್ಲಿ ಒಂದು ಸಾಲೂ ಮೂಡಲಿಲ್ಲ. ಅಮ್ಮ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಚುಕ್ಕಿ ತಾನಾಗಿಯೇ ಬಾಯಿ ತೆರೆದದ್ದು ನೋಡಿ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಯೇ ಬಿಟ್ಟಳು.

"ಅಮ್ಮಾ, ನಿಮ್ಮ ವಾರ್ಡಲ್ಲಿ ಇರೋರನ್ನ ಮಾತ್ರ ನೋಡಿದ್ರೆ... ಜ್ವರ ಇಲ್ಲದವರಿಗೆಲ್ಲ ಕಾಲು ಮುರಿದಿರತ್ತಾ?"

"ಕಾಲೋ ಕೈಯೋ ಏನೋ ಒಂದು ಆಗೇ ಇರತ್ತೆ. ಏನೂ ಆಗದೆ ಆಸ್ಪತ್ರೆಗೆ ಬಂದು ಮಲಗೋಕೆ ಅದೇನು ಮಾವನ ಮನೆನಾ?"

"ಅದನ್ನ ನೋಡಿ ಯಾರಾದ್ರೂ, ಜ್ವರ ಬರದವರಿಗೆ ಕಾಲು ಬೇಗ ಮುರಿಯತ್ತೆ, ಅವರ ಮೂಳೆ ಸರಿಯಿಲ್ಲ ಅಂದ್ರೆ?"

"ಹಂಗಂದವರಿಗೂ ಒಂದು ಹಾಸಿಗೆ ಹಾಸಿ ಕೊಡ್ತೀನಿ. ಬೀದಿಗೆ ಬಂದು ನೋಡಲಿ, ಜ್ವರನೂ ಇಲ್ದೆ ಕಾಲೂ ನೆಟ್ಟಗಿರೋರು ಎಷ್ಟು ಜನ ಓಡಾಡ್ತಿದ್ದಾರೆ ಅಂತ." ಅಮ್ಮ ಇಸ್ತ್ರಿಪೆಟ್ಟಿಗೆ ಮತ್ತೆ ಎತ್ತಿಕೊಂಡಳು. "ಇದನ್ನ ತಿಳ್ಕೊಳೋಕೆ ಮೂರು ವರ್ಷ ಕಾಲೇಜಿಗೆ ಹೋಗ್ಬೇಕಿತ್ತಾ?"

ಹೋಗಿದ್ದಳು, ಪಾಪ. ಹೋಗಿ ಇದೇ ಪಾಠವನ್ನು ಕೇಳಿಯೂ ಇದ್ದಳು. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಕಾರಣಗಳು ಒಂದೇ ಬಾಗಿಲಿಗೆ ಬಂದು ಸೇರುವಾಗ, ಬಾಗಿಲೊಳಗೆ ಬಂದವರನ್ನಷ್ಟೇ ಎಣಿಸಿದರೆ ಆ ಎರಡಕ್ಕೂ ಇಲ್ಲದ ನಂಟು ಹುಟ್ಟಿಕೊಳ್ಳುತ್ತದೆ. ಚಿತ್ರದಲ್ಲಿ ಸುಳ್ಳು ಗೆರೆ ಮೂಡುತ್ತದೆ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಅವಳಿಗೆ ಹತ್ತಕ್ಕೆ ಹತ್ತು ಬಂದಿತ್ತು. ಪುಸ್ತಕದ ಬದನೆಕಾಯಿ ಎಂದು ಹಿರಿಯರು ಸುಮ್ಮನೆ ಅನ್ನಲಿಲ್ಲ. ಅವಳು ನೋಡಿದ್ದೆಲ್ಲ ವಾಪಸ್ ಬಂದ ಪುಸ್ತಕಗಳನ್ನೇ. ವಾಪಸ್ ಬರಬೇಕಾದರೆ ಪುಟವಾದರೂ ತಪ್ಪಿರಬೇಕು, ಬೆನ್ನಾದರೂ ಬಿಟ್ಟಿರಬೇಕು. ದೊಡ್ಡಕ್ಕ ಪುಟ ತಪ್ಪಿಸುವವಳಲ್ಲ. ಹಾಗಾಗಿ ಅವಳ ಕೆಲವೇ ಕೆಲವು ಪುಸ್ತಕ ಬಂದವು, ಬಂದದ್ದೆಲ್ಲ ಹೆಚ್ಚುಕಡಿಮೆ ಬೆನ್ನಿಗಾಗಿಯೇ ಬಂದವು. ಒಂದು ತಪ್ಪನ್ನು ಮಾಡದೇ ಇದ್ದದ್ದಕ್ಕೆ ಇನ್ನೊಂದು ತಪ್ಪು ಅವಳ ತಲೆಗೆ ಬಂದಿತ್ತು.

ಚುಕ್ಕಿ ಕಾಗದದ ಚೂರಿನ ಮೇಲೆ ಮತ್ತೆ ಎಣಿಸಿದಳು. ಬೆನ್ನು ಬಿಟ್ಟ ಪುಸ್ತಕಗಳನ್ನಷ್ಟೇ ತೆಗೆದುಕೊಂಡರೆ ಕೆಂಪು ನಲವತ್ತೊಂದು, ನೀಲಿ ನಲವತ್ತೊಂದು, ಹಸಿರು ನಲವತ್ತು, ಹಳದಿ ನಲವತ್ತೊಂದು. ನಾಲ್ವರದ್ದೂ ಒಂದೇ. ಯಾರು ಹೊಲಿದರು ಎಂಬುದಕ್ಕೂ ಬೆನ್ನಿಗೂ ಸಂಬಂಧವೇ ಇರಲಿಲ್ಲ.

ಒಂದೇ ಒಂದು ಕೊಕ್ಕೆ ಉಳಿದಿತ್ತು. ನಾಲ್ವರೂ ಸಮಸಮ ಹೊಲಿದಿದ್ದರೆ ಮಾತ್ರ ಇದು ಸರಿ. ದೊಡ್ಡಕ್ಕನಿಗೆ ವಯಸ್ಸಾಗಿದೆ, ಬೇರೆಯವರು ಹೊಲಿದ ಅರ್ಧದಷ್ಟೇ ಹೊಲಿದಿದ್ದಾಳೆ ಎಂದರೆ, ಆ ನಲವತ್ತೊಂದು ಬಹಳವಾಗುತ್ತದೆ. ಒಂದೇ ಮೇಜಿನ ಕೆಲಸ, ಯಾರದ್ದೆಷ್ಟು ಎಂದು ಯಾರೂ ಬರೆದಿಟ್ಟಿರಲಿಲ್ಲ. ದಿನಕ್ಕೆ ಒಟ್ಟು ಇಷ್ಟು ಎಂದು ಬರೆದರೆ ಮುಗಿಯಿತು. ಎರಡು ವರ್ಷದಲ್ಲಿ ಕಟ್ಟಿದ್ದು ಇಪ್ಪತ್ತು ಸಾವಿರ ಪುಸ್ತಕ. ಬಂದವು ನಾನೂರು ಚಿಲ್ಲರೆ. ಬಾರದೆ ಉಳಿದವು ಯಾರ ಯಾರ ಕಪಾಟಿನಲ್ಲೋ ನೆಟ್ಟಗೆ ನಿಂತಿವೆ. ಅವುಗಳ ಬೆನ್ನೊಳಗೆ ಗಂಟಿದೆ. ಇಣುಕಿ ನೋಡಬೇಕು, ಅಷ್ಟೇ.

ಊರ ಗ್ರಂಥಾಲಯಕ್ಕೆ ಪುಸ್ತಕ ಕಟ್ಟಿ ಕೊಡುವುದು ಇವರೇ. ಶನಿವಾರ ಕಾರ್ಖಾನೆಗೆ ರಜೆ; ಅವಳು ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿದ್ದಳು. ಊರಿನಲ್ಲಿ ಅವಳ ದನಿಗೆ ಹೇಳಿ ಮಾಡಿಸಿದ ಜಾಗ ಅದೊಂದೇ. ಕಳೆದ ಎರಡು ವರ್ಷದ ಚೀಟಿ ಅಂಟಿಸಿದ ಕಪಾಟಿನಿಂದ ಒಂದೊಂದೇ ಪುಸ್ತಕ ತೆಗೆದು, ಮಧ್ಯಕ್ಕೆ ಬಿಚ್ಚಿ, ಒಂದು ಕಣ್ಣು ಮುಚ್ಚಿ ಬೆನ್ನಿನ ಸಂದಿಯಲ್ಲಿ ನೋಡಿ, ಕಾಗದದ ಮೇಲೆ ಒಂದು ಗೀಟು ಹಾಕಿ, ಮತ್ತೆ ಅದೇ ಜಾಗಕ್ಕೆ ಸೇರಿಸುತ್ತ ಹೋದಳು. ಐವತ್ತಾಗುವ ಹೊತ್ತಿಗೆ ಹಿಂದೆ ಯಾರೋ ಕೆಮ್ಮಿದರು. ಗ್ರಂಥಪಾಲಕರು.

"ಏನಮ್ಮಾ ಹುಡುಕ್ತಿರೋದು?"

"ಗಂಟು," ಎಂದು ಪಿಸುಗುಟ್ಟಿದಳು.

"ಕಾದಂಬರಿನಾ? ಆ ಹೆಸರಿಂದು ನಮ್ಮಲ್ಲಿಲ್ಲ."

ಅವಳು ಕೈಯಲ್ಲಿದ್ದ ಪುಸ್ತಕವನ್ನು ಅವರ ಕಣ್ಣಿಗೆ ಹಿಡಿದಳು. ಅವರೂ ಒಂದು ಕಣ್ಣು ಮುಚ್ಚಿ ನೋಡಿದರು.

"ಅರೆ! ಒಳಗೆ ಹಳದಿ ದಾರ ಇದೆ." ಇನ್ನೊಂದು ಪುಸ್ತಕ ತೆಗೆದು ನೋಡಿದರು. "ಇದ್ರಲ್ಲಿ ಕೆಂಪು! ಇಪ್ಪತ್ತೆರಡು ವರ್ಷ ಆಯ್ತು ನಾನು ಇಲ್ಲಿಗೆ ಬಂದು, ಯಾರೂ ಹೇಳಲೇ ಇಲ್ವಲ್ಲ." ಆಮೇಲೆ ಅವಳು ಕೇಳದೆಯೇ ಮೇಲಿನ ಸಾಲು ಅವರು, ಕೆಳಗಿನ ಸಾಲು ಅವಳು ಎಂದು ಹಂಚಿಕೊಂಡರು. "ಹಸಿರು!" ಎಂದು ಅವರೇ ಒಮ್ಮೆ ಕೂಗಿಬಿಟ್ಟಾಗ ಓದುತ್ತಿದ್ದವರೊಬ್ಬರು ತಲೆಯೆತ್ತಿ ಬೆರಳನ್ನು ತುಟಿಗಿಟ್ಟರು.

ಮಧ್ಯಾಹ್ನದ ಹೊತ್ತಿಗೆ ನಾನೂರಾಯಿತು. ಕೆಂಪು ನೂರಾ ಎರಡು. ಉಳಿದವು ತೊಂಬತ್ತೆಂಟು, ನೂರಾ ಒಂದು, ತೊಂಬತ್ತೊಂಬತ್ತು. ದೊಡ್ಡಕ್ಕ ಯಾರಿಗೂ ಕಡಿಮೆ ಹೊಲಿದಿರಲಿಲ್ಲ. ಚುಕ್ಕಿ ಕಪಾಟಿನ ಪಕ್ಕದ ಮೆಟ್ಟಿಲಿನ ಮೇಲೆ ಕೂತಳು. ಸಂತೋಷವಾಗಬೇಕಿತ್ತು. ಆದರೆ ಇನ್ನು ಇದನ್ನು ಹೇಳಬೇಕಲ್ಲ.

ಭಾನುವಾರದ ಡೈರಿ: "ಹೇಳುತ್ತೇನೆ." ಸೋಮವಾರದ ಡೈರಿ: "ಬಾಯಲ್ಲಿ ಹೇಳಲೇಬೇಕು ಎಂದು ಎಲ್ಲಿದೆ? ಬರೆದು ಕೊಟ್ಟರೂ ಹೇಳಿದ ಹಾಗೆಯೇ."

ಒಂದು ಪುಟದ ತುಂಬ ಒಪ್ಪವಾಗಿ ಬರೆದಳು. ಅಂಕಿಗಳನ್ನೂ ಹಾಕಿದಳು. ಸೋಮವಾರ ಮಾಲೀಕರು ಬರುವ ಮುಂಚೆ ಅವರ ಮೇಜಿನ ನಟ್ಟನಡುವೆ ಇಟ್ಟು ಬಂದಳು. ದಿನವಿಡೀ ಆ ಮೇಜಿನ ಕಡೆ ಕದ್ದು ನೋಡಿದಳು. ಶಾಲೆಗಳ ಕೆಲಸ ಬರುವುದಿತ್ತು. ಮಾಲೀಕರು ಒಂದು ಕಿವಿಗೆ ಫೋನ್ ಅಂಟಿಸಿಕೊಂಡೇ ಇದ್ದರು. ಮಂಗಳವಾರ ಗೋಂದು ಕೋಣೆಗೆ ಹೋದಾಗ ಅವಳ ಪುಟ ಅಲ್ಲಿತ್ತು. ಬಿಸಿ ಪಾತ್ರೆಯ ಅಡಿಗೆ. ಅರ್ಧ ಅಕ್ಷರ ಗೋಂದಿನಲ್ಲಿ ಮುಳುಗಿಹೋಗಿದ್ದವು.

"ಮಾಲೀಕರ ಮೇಜಿಂದ ಹಳೇ ಕಾಗದ ತಗೊಂಡು ಬಂದೆ. ನಿಂದಾ?" ಅಂದ ಗೋಂದಣ್ಣ.

ಅವಳು ಪಾತ್ರೆಯನ್ನೇ ನೋಡುತ್ತ ಎಲ್ಲವನ್ನೂ ಹೇಳಿದಳು. ಆಸ್ಪತ್ರೆಯ ಉಪಮಾನ, ಕಪಾಟು, ಗೀಟುಗಳು. ಗೋಂದಣ್ಣ ಸೌಟು ಆಡಿಸುವುದನ್ನು ನಿಲ್ಲಿಸಿ, ಎಂದೂ ಇಲ್ಲದ್ದು, ಅವಳ ಮುಖ ನೋಡಿದ.

"ನೀವೇ ಮಾಲೀಕರಿಗೆ ಹೇಳ್ತೀರಾ?" ಅಂದಳು.

"ನನಗೆ ಅರ್ಥ ಆಗಿದ್ದು ಇಷ್ಟು: ದೊಡ್ಡಕ್ಕನದ್ದು ತಪ್ಪಿಲ್ಲ. ಇದನ್ನ ನಾನು ಹೇಳಿದ್ರೆ, ಗೋಂದಣ್ಣ ಮೂವತ್ತು ವರ್ಷದ ಸ್ನೇಹಕ್ಕೆ ಹೇಳ್ತಿದಾನೆ ಅಂತಾರೆ. ಗೋಡೆ ಮೇಲಿರೋ ಚಿತ್ರ ನಾನು ಬರ್ದಿದ್ದಾ?"

"ಅಲ್ಲ."

"ಮತ್ತೆ?"

"ಎಲ್ಲರ ಮುಂದೆ ನನ್ನ ದನಿ ಬರಲ್ಲ ಅಣ್ಣಾ."

"ದನಿ ಬರೋಕೆ ಅದೇನು ಬಸ್ಸಾ, ಕಾಯ್ತಾ ನಿಲ್ಲೋಕೆ?" ಎಂದು ಅವನು ಸೌಟು ಎತ್ತಿಕೊಂಡ. "ಪಾತ್ರೆ ಹತ್ತಿಕೊಳ್ತಾ ಇದೆ, ಪಕ್ಕಕ್ಕೆ ಸರಿ."

ಮಾಲೀಕರು ಅಂದು ಮಧ್ಯಾಹ್ನ ಆಫೀಸಿನಲ್ಲಿ ಒಬ್ಬರೇ ಇದ್ದರು. ಚುಕ್ಕಿ ಬಾಗಿಲ ತನಕ ಹೋದಳು. ಅವರು ತಲೆಯೆತ್ತಿ, "ಬಾ ಬಾ, ಶಾಲೆಯವರಿಗೂ ನಿನ್ನ ಚಿತ್ರದ ವಿಷಯ ಹೇಳಿದೆ, ಬಹಳ ಮೆಚ್ಚಿಕೊಂಡ್ರು," ಅಂದರು. ಅವಳು ಬಾಗಿಲಲ್ಲೇ ತಿರುಗಿ ಬಂದಳು.

ಬುಧವಾರ ಬೆಳಿಗ್ಗೆ ಡೈರಿ ತೆರೆಯಲಿಲ್ಲ. ಏನೆಂದು ಬರೆಯುವುದು? ಇನ್ನೊಂದು ಸಲ "ಹೇಳುತ್ತೇನೆ" ಎಂದೇ?

ಕಾರ್ಖಾನೆಯಲ್ಲಿ ಶಾಲೆಗಳ ಫಾರಂ ರಾಶಿಗಳು ಗೋಡೆಯುದ್ದಕ್ಕೂ ಸೊಂಟದೆತ್ತರ ನಿಂತಿದ್ದವು. ಹತ್ತು ಗಂಟೆಯ ಚಹಾಕ್ಕೆ ಮಾಲೀಕರು ಎಲ್ಲರನ್ನೂ ಮೇಜಿನ ಸುತ್ತ ಕರೆದರು. ದೊಡ್ಡಕ್ಕ ಆಗಲೇ ಸಾಮಾನು ಕಟ್ಟುತ್ತಿದ್ದಳು: ಸೂಜಿ ಡಬ್ಬಿ, ಹೆಬ್ಬೆರಳ ಗುರುತು ಬಿದ್ದ ಮೇಣದ ಉಂಡೆ, ಕೆಂಪು ದಾರದ ಉರುಳೆ. ಉರುಳೆಯನ್ನು ಒಮ್ಮೆ ಡಬ್ಬಿಯಲ್ಲಿಟ್ಟಳು, ಮತ್ತೆ ತೆಗೆದು ಮೇಜಿನ ಮೇಲೆ ಬಿಟ್ಟಳು.

"ಅದನ್ನೂ ತಗೊಳ್ಳಿ ದೊಡ್ಡಕ್ಕ," ಅಂದಳು ನೀಲಿ ಗಂಟಿನವಳು.

"ಪ್ಯಾಕಿಂಗ್ ಡಬ್ಬಕ್ಕೆ ಗಂಟು ಹಾಕ್ಲಾ? ಇರ್ಲಿ. ಹೊಸಬರು ಬಂದ್ರೆ ಬೇಕಾಗತ್ತೆ."

"ನೀವು ಆ ಕಡೆ ಹೋದ್ರೆ ನನ್ನ ಫಾರಂ ಯಾರು ನೋಡ್ತಾರೆ? ಹದಿಮೂರಾದ ಮೇಲೆ ಹದಿನೈದು ಇಡೋ ಚಾಳಿ ನಂದು, ನೀವು ನೋಡಿ ಎಷ್ಟು ಸಲ ತಿದ್ದಿಲ್ಲ."

"ಹದಿನಾಲ್ಕು ಅಂತ ಒಂದಿದೆ ಅನ್ನೋದು ನೆನಪಿಟ್ಕೋ, ಸಾಕು," ಅಂದಳು ದೊಡ್ಡಕ್ಕ. ಒಂದಿಬ್ಬರು ನಕ್ಕರು, ನಗು ಅರ್ಧಕ್ಕೇ ನಿಂತಿತು.

ಮಾಲೀಕರು ಗಂಟಲು ಸರಿಪಡಿಸಿಕೊಂಡರು. ಅವರಿಗೂ ಇದು ಸುಖದ ಕೆಲಸವಾಗಿರಲಿಲ್ಲ. "ಚುಕ್ಕಿ, ಈ ಚಿತ್ರನ ನೀನೇ ಎಲ್ಲರಿಗೂ ಒಂದು ಸಲ ಬಿಡಿಸಿ ಹೇಳಿಬಿಡಮ್ಮ. ನಾನು ಹೇಳಿದ್ರೆ ನನ್ನದೇ ಹಟ ಅಂದ್ಕೊಳ್ತಾರೆ."

ಹನ್ನೊಂದು ಜನ ಅವಳತ್ತ ತಿರುಗಿದರು. ಚಹಾದ ಲೋಟಗಳಿಂದ ಹಬೆ ಏಳುತ್ತಿತ್ತು. ಬಾಗಿಲ ಬಳಿ ಗೋಂದಣ್ಣ ಗೋಡೆಗೊರಗಿ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ವಾಕ್ಯಗಳೆಲ್ಲ, ಆಸ್ಪತ್ರೆ, ಬೀದಿ, ಕಪಾಟು, ನಾನೂರು, ಹಿಂದುಮುಂದಾಗಿ ಚೆಲ್ಲಾಪಿಲ್ಲಿಯಾದವು.

ಅವಳ ಅವಸ್ಥೆ ನೋಡಿ ದೊಡ್ಡಕ್ಕನೇ ಮಧ್ಯೆ ಬಂದಳು. "ಬಿಡಪ್ಪಾ, ಆ ಮಗೂನ ಯಾಕೆ ಗೋಳು ಹುಯ್ಕೊತೀಯ? ಮುಖ ನೋಡು, ಹೇಗೆ ಬೆವರ್ತಿದೆ. ಅದರಲ್ಲಿ ಹೇಳೋದೇನಿದೆ, ನಾನೇ ಹೇಳ್ತೀನಿ." ಅವಳು ಉಳಿದ ಮೂವರತ್ತ ತಿರುಗಿ ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿದಳು, ಮಾರುಕಟ್ಟೆಯಲ್ಲಿ ಕಳಪೆ ಮಾಲು ತೋರಿಸುವವರ ಹಾಗೆ. "ನೋಡ್ರೇ, ಈ ಕೈಗೆ ವಯಸ್ಸಾಯ್ತು. ಮೊದಲಿನ ಹಿಡಿತ ಇಲ್ಲ. ದಾರ ಸಡಿಲ ಬಿಡ್ತಿದೆ, ನನಗೆ ಗೊತ್ತೂ ಆಗ್ತಿಲ್ಲ. ಅಷ್ಟೇ ಕಥೆ. ಅದಕ್ಕೆ—"

"ಇಲ್ಲ!"

ಯಾರು ಕೂಗಿದ್ದೆಂದು ಎಲ್ಲರೂ ಆಚೀಚೆ ನೋಡಿದರು. ಚುಕ್ಕಿಯೂ ಒಂದು ಗಳಿಗೆ ನೋಡಿದಳು. ದನಿ ತನ್ನದೆಂದು ತಿಳಿದ ಮೇಲೆ ಅದನ್ನು ಕೈಬಿಡದೆ ಹಿಡಿದುಕೊಂಡಳು.

"ಆ ಕೈಗೆ ಏನೂ ಆ‍ಗಿಲ್ಲ ದೊಡ್ಡಕ್ಕ. ನಿಮ್ಮ ಹೊಲಿಗೆ ಸರಿಯಾಗೇ ಇದೆ. ತಪ್ಪಿರೋದು ನಾನು ಬರೆದ ಚಿತ್ರದಲ್ಲಿ, ಅದು ಶನಿವಾರದಿಂದ ನನಗೆ ಗೊತ್ತಿತ್ತು."